ಕೊಳವೆಯೊಳಗೊಂದು ಕೊಳವೆ

ಇದು ಒಂದು ಹಳ್ಳಿಗೆ ಪೈಪ್ ಗ್ಯಾಸ್ ಬಂದ ಕಥೆ. ಆದರೆ ಇದರಲ್ಲಿ ಗ್ಯಾಸಿನ ಪಾಲು ಕಮ್ಮಿ. ರಸ್ತೆ, ಚರಂಡಿ, ಕರೆಂಟು, ಕುಡಿಯುವ ನೀರು, ಇವುಗಳದ್ದೇ ಜಾಸ್ತಿ. ನಾನು ಗ್ಯಾಸ್ ಕಂಪನಿಯ ಕಡೆಯಿಂದ ಸೈಟಿನಲ್ಲಿದ್ದ ಎಂಜಿನಿಯರ್. ಊರು, ಕಂಪನಿ, ಜನ, ಯಾರ ಗುರುತೂ ಹತ್ತದ ಹಾಗೆ ಬರೆದಿದ್ದೇನೆ. ಕೆಲವು ಅಳತೆಗಳನ್ನು ಬೇಕೆಂದೇ ಸ್ವಲ್ಪ ಅತ್ತಿತ್ತ ಮಾಡಿದ್ದೇನೆ. ನಾವು ತೆಗೆದುಕೊಂಡ ತೀರ್ಮಾನಗಳನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ. ತಪ್ಪಿದ ತೀರ್ಮಾನಗಳೂ ಅದರಲ್ಲಿವೆ.

ಹಿನ್ನೆಲೆ

ಊರಿನಲ್ಲಿ ಸುಮಾರು 600 ಮನೆ. ಗ್ಯಾಸಿನ ದೊಡ್ಡ ಉಕ್ಕಿನ ಲೈನ್ ಹಾದು ಹೋಗಿದ್ದದ್ದು ಅಲ್ಲಿಂದ ಹದಿನಾಲ್ಕು ಕಿಲೋಮೀಟರ್ ದೂರದಲ್ಲಿ. 600 ಒಲೆಗಳನ್ನು ನಂಬಿಕೊಂಡು ಅಷ್ಟು ದೂರ ಪೈಪ್ ಎಳೆದರೆ ಯಾವ ಲೆಕ್ಕವೂ ಕೂಡುವುದಿಲ್ಲ. ಮನೆಯೊಂದು ಅಡುಗೆಗೆ ಸುಡುವ ಗ್ಯಾಸ್ ತೀರಾ ಸ್ವಲ್ಪ. ಹಳ್ಳಿ ಕಡೆಗೆ ಲೈನ್ ಹೋಗುವುದು ಸಾಮಾನ್ಯವಾಗಿ ದಿನವಿಡೀ ಗ್ಯಾಸ್ ಎಳೆಯುವ ಒಬ್ಬ ದೊಡ್ಡ ಗಿರಾಕಿ ಸಿಕ್ಕಾಗಲೇ. ಇಲ್ಲಿ ಹಾಗೆ ಸಿಕ್ಕಿದ್ದು ಊರಂಚಿನ ಹಾಲಿನ ಘಟಕ. ಅದರ ಬಾಯ್ಲರ್ ಫರ್ನೇಸ್ ಆಯಿಲ್ ಮೇಲೆ ಓಡುತ್ತಿತ್ತು. ಗ್ಯಾಸಿಗೆ ಬದಲಾಯಿಸುತ್ತೇವೆ ಎಂದು ಅವರು ಸಹಿ ಹಾಕಿದ ಮೇಲೆ ನಮ್ಮ ಕಂಪನಿ ಒಪ್ಪಿತು. ಮನೆಗಳು ಅದರ ಬೆನ್ನಿಗೆ ಬಂದವು.

ವ್ಯವಸ್ಥೆ ಸರಳವಾಗಿತ್ತು. ಊರ ಹೊರಗೆ ಒತ್ತಡ ಇಳಿಸುವ ಒಂದು ಸ್ಟೇಷನ್. ಅಲ್ಲಿಂದ ಮುಂದಕ್ಕೆ ಹಳದಿ ಪ್ಲಾಸ್ಟಿಕ್ ಪೈಪು, ಒಳಗೆ 4 ಬಾರ್ ಒತ್ತಡ. ಮನೆಯ ಗೋಡೆ ಹತ್ತಿರ ಇನ್ನೊಮ್ಮೆ ಇಳಿಸಿದರೆ ಒಲೆಗೆ ಸಿಗುವುದು 21 ಮಿಲಿಬಾರ್. ಪೈಪು ನೆಲದಿಂದ ಸುಮಾರು ಒಂದು ಮೀಟರ್ ಆಳದಲ್ಲಿ. ಬೇರೆ ಯಾವ ಪೈಪು, ಕೇಬಲ್ ಅಡ್ಡ ಬಂದರೂ ನಡುವೆ 30 ಸೆಂಟಿಮೀಟರ್ ಜಾಗ ಬಿಡಬೇಕು. ಕಾಗದದ ಮೇಲೆ ಇಷ್ಟೇ.

ಮೊದಲ ಪೆಟ್ಟು

ಕೆಲಸ ಶುರುವಾದ ಒಂಬತ್ತನೇ ದಿನ ನಮ್ಮ ಜೆಸಿಬಿ ನೀರಿನ ಪೈಪ್ ಒಡೆಯಿತು. ನಕ್ಷೆಯ ಪ್ರಕಾರ ಆ ಪೈಪು ರಸ್ತೆಯ ಎಡಗಡೆ ಇರಬೇಕಿತ್ತು. ನಾವು ಅಗೆಯುತ್ತಿದ್ದದ್ದು ಬಲಗಡೆ. ಅರ್ಧ ಊರಿಗೆ ಎರಡು ದಿನ ನೀರಿಲ್ಲ. ಕೊಡ ಹಿಡಿದುಕೊಂಡು ಬಂದವರಿಗೆ ಸಮಾಧಾನ ಹೇಳುವ ಹೊತ್ತಿಗೆ ನನಗೆ ಸಾಕುಸಾಕಾಗಿ ಹೋಯಿತು.

ಮೂರನೇ ದಿನ ಊರಿನ ನೀರುಗಂಟಿ ಸಿಕ್ಕರು. ವಾಲ್ವ್ ತಿರುಗಿಸಿ ಊರಿಗೆ ನೀರು ಬಿಡುವವರು. ಇಪ್ಪತ್ತು ವರ್ಷದಿಂದ ಅದೇ ಕೆಲಸ.

“ಹೋದ ವರ್ಷ ಇಂಟರ್‌ನೆಟ್ ಕೇಬಲ್ ಹಾಕೋರು ಬಂದಾಗಲೂ ಇದೇ ಪೈಪ್ ಒಡೆದ್ರು ಸಾರ್. ಆಗ ನಾನೇ ನಿಂತು ಈಚೆ ಮಗ್ಗುಲಿಗೆ ತಿರುಗಿಸಿದ್ದು. ನನ್ನನ್ನ ಯಾರೂ ಕೇಳ್ಲೇ ಇಲ್ಲ.”

ನಿಜ, ಯಾರೂ ಕೇಳಿರಲಿಲ್ಲ. ನಾವು ಕಚೇರಿಗೆ ಹೋಗಿ ನಕ್ಷೆ ಕೇಳಿದ್ದೆವು, ಅವರು ಕೊಟ್ಟಿದ್ದರು, ಮೂರು ಸೀಲು ಬಿದ್ದಿದ್ದವು. ಆ ನಕ್ಷೆ ಬರೆದ ಮೇಲೆ ನೆಲದೊಳಗೆ ಏನೇನು ಜಾಗ ಬದಲಾಯಿಸಿದೆ ಎಂಬುದು ಒಬ್ಬ ಮನುಷ್ಯನ ತಲೆಯಲ್ಲಿ ಮಾತ್ರ ಇತ್ತು.

ಒಡೆದ ನೀರಿನ ಪೈಪು ಗ್ಯಾಸಿನವರಿಗೆ ಬರೀ ಮರ್ಯಾದೆ ಪ್ರಶ್ನೆಯಲ್ಲ. ಸಣ್ಣ ತೂತಿನಿಂದ ಚಿಮ್ಮುವ ನೀರು ಮರಳನ್ನೂ ಜೊತೆಗೆ ಎತ್ತಿ ಹೊಡೆದರೆ, ಪಕ್ಕದ ಪ್ಲಾಸ್ಟಿಕ್ ಪೈಪನ್ನು ಉಜ್ಜುಗಾಗದದ ಹಾಗೆ ತಿನ್ನುತ್ತದೆ. 2022ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಪಕ್ಕದ ಸ್ಟ್ಯಾನಿಂಗ್ಟನ್‌ನಲ್ಲಿ ನೀರಿನ ದೊಡ್ಡ ಪೈಪು ಒಡೆದು, ಆ ನೀರು ಗ್ಯಾಸ್ ಪೈಪಿನೊಳಗೇ ನುಗ್ಗಿತು. ಕೊರೆಯುವ ಚಳಿಯಲ್ಲಿ ಸುಮಾರು 2000 ಮನೆಗಳಿಗೆ ಗ್ಯಾಸ್ ನಿಂತಿತು. ಹತ್ತು ಲಕ್ಷ ಲೀಟರಿಗೂ ಜಾಸ್ತಿ ನೀರನ್ನು ಹೊರಗೆಳೆಯಬೇಕಾಯಿತು. ಕಮ್ಮಿ ಒತ್ತಡದ ಗ್ಯಾಸ್ ಲೈನಿಗೆ ನೀರೇ ದೊಡ್ಡ ಶತ್ರು. ನಮ್ಮ 4 ಬಾರ್ ಲೈನಿಗೆ ನೀರು ಅಷ್ಟು ಸುಲಭಕ್ಕೆ ನುಗ್ಗಲಾರದು. ಆದರೆ ರಿಪೇರಿಗೆಂದು ಅದನ್ನು ಖಾಲಿ ಮಾಡಿ ಕೂತಾಗ?

ಅದಾದ ಮೇಲೆ ಎರಡು ಬದಲಾವಣೆ ಮಾಡಿದೆವು. ಒಂದು, ಜೆಸಿಬಿ ಇಳಿಸುವ ಮೊದಲು ಕೈಯಿಂದಲೇ ಅಗೆದು ನೋಡುವ ಗುಂಡಿಗಳು. ಗುದ್ದಲಿ, ಸಲಿಕೆ, ಇಬ್ಬರು ಆಳು, ಐವತ್ತು ಮೀಟರಿಗೊಂದು. ಇನ್ನೊಂದು, ಪ್ರತಿ ಸೋಮವಾರ ಬೆಳಿಗ್ಗೆ ಪಂಪ್‌ಹೌಸಿನ ಕಟ್ಟೆ ಮೇಲೆ ಮೀಟಿಂಗ್. ನೀರುಗಂಟಿ, ಕರೆಂಟಿನ ಲೈನ್‌ಮನ್, ಕೇಬಲ್ ಕಂಪನಿಯ ಹುಡುಗ, ರಸ್ತೆ ಇಲಾಖೆಯ ಮೇಸ್ತ್ರಿ, ನಾನು. ನಡುವೆ ದೊಡ್ಡದೊಂದು ಹಾಳೆ. ಅದರ ಮೇಲೆ ಪೆನ್ಸಿಲ್‌ನಲ್ಲಿ ಊರು ಬರೆಯುತ್ತಾ ಹೋದೆವು. ಪೆನ್ಸಿಲ್ ಯಾಕೆಂದರೆ ಅಳಿಸುವುದಕ್ಕೆ. ಮೊದಲ ತಿಂಗಳಲ್ಲೇ ರಬ್ಬರ್ ಅರ್ಧ ಸವೆದಿತ್ತು.

ಈ ಕಟ್ಟೆ ಮೀಟಿಂಗಿನ ಬಗ್ಗೆ ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆ ಇತ್ತು. ಯಾರನ್ನು ಕರೆದಿಲ್ಲ ಅನ್ನುವುದು ಹೊಳೆದಿರಲಿಲ್ಲ.

ರಸ್ತೆ ಬೇಡ ಅಂದಾಗ

ಊರಿನ ಮುಖ್ಯ ಬೀದಿ ಆರು ತಿಂಗಳ ಹಿಂದಷ್ಟೇ ಕಾಂಕ್ರೀಟ್ ಆಗಿತ್ತು. ಅದನ್ನು ಕತ್ತರಿಸಲು ಬಿಡುವುದಿಲ್ಲ ಎಂದು ರಸ್ತೆ ಇಲಾಖೆ ಖಡಾಖಂಡಿತವಾಗಿ ಹೇಳಿತು. ಅವರದ್ದು ತಪ್ಪು ಅನ್ನಲಾರೆ. ಹೊಸ ರಸ್ತೆಯನ್ನು ಅಗೆದು ಮಣ್ಣು ಮುಚ್ಚಿ ಹೋದರೆ ಮೊದಲ ಮಳೆಗೇ ಅಲ್ಲಿ ತಗ್ಗು ಬೀಳುತ್ತದೆ, ಜನ ಬೈಯುವುದು ರಸ್ತೆಯವರನ್ನೇ. ರಸ್ತೆಯಂಚಿನ ಮಣ್ಣಿನ ಜಾಗವನ್ನು ಕೇಬಲ್ಲಿನವರು ಮೊದಲೇ ಹಿಡಿದಿದ್ದರು. ಉಳಿದ ದಾರಿ ಒಂದೇ, ನೆಲದಡಿ ಡ್ರಿಲ್ಲಿಂಗ್.

ಇದನ್ನು ನೋಡದವರಿಗೆ ಎರಡು ಮಾತು. ರಸ್ತೆಯ ಈ ತುದಿಯಲ್ಲೊಂದು ಗುಂಡಿ, ಆ ತುದಿಯಲ್ಲೊಂದು ಗುಂಡಿ. ಮಷೀನು ಈ ಕಡೆಯಿಂದ ಉಕ್ಕಿನ ಸರಳುಗಳನ್ನು ಒಂದಕ್ಕೊಂದು ಜೋಡಿಸುತ್ತಾ ನೆಲದೊಳಗೆ ತಳ್ಳುತ್ತದೆ. ತುದಿಯಲ್ಲಿರುವ ತಲೆಯೊಳಗೆ ಸಿಗ್ನಲ್ ಕೊಡುವ ಸಣ್ಣ ಉಪಕರಣ. ಮೇಲೆ ಒಬ್ಬ ಹುಡುಗ ಕೈಯಲ್ಲಿ ಯಂತ್ರ ಹಿಡಿದು, ತಲೆ ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ಹೇಳುತ್ತಾ ನಡೆಯುತ್ತಾನೆ. ಬೆಂಟೊನೈಟ್ ಮಣ್ಣು ಕಲಸಿದ ಗಂಜಿಯಂಥ ನೀರನ್ನು ಒಳಗೆ ಬಿಡುತ್ತಲೇ ಇರಬೇಕು. ತೂತು ಕುಸಿಯದ ಹಾಗೆ ಅದು ಹಿಡಿದುಕೊಳ್ಳುತ್ತದೆ, ಕೊರೆದ ಮಣ್ಣನ್ನು ಹೊರಗೂ ತರುತ್ತದೆ. ಕೊನೆಗೆ ಆ ತುದಿಯಲ್ಲಿ ಹಳದಿ ಪೈಪು ಕಟ್ಟಿ ಈಚೆಗೆ ಎಳೆದುಕೊಂಡರೆ ಕೆಲಸ ಮುಗಿಯಿತು. ರಸ್ತೆಯ ಮೇಲೆ ಒಂದು ಗೀರೂ ಬೀಳುವುದಿಲ್ಲ.

ತಲೆ ಎಲ್ಲಿದೆ ಎಂದು ಆ ಯಂತ್ರ ಹೇಳುತ್ತದೆ. ಅದು ಯಾವುದನ್ನು ಸೀಳಿಕೊಂಡು ಹೋಗುತ್ತಿದೆ ಎಂದು ಹೇಳುವುದಿಲ್ಲ.

ಆ ಬೀದಿಯ ಕೆಳಗೆ ಮೂವತ್ತು ವರ್ಷದ ಹಳೆಯ ಒಳಚರಂಡಿ ಇತ್ತು. 150 ಮಿಲಿಮೀಟರ್ ಅಗಲದ, ಸುಟ್ಟ ಮಣ್ಣಿನ ಪೈಪು. ಮುಖ್ಯ ಸಾಲು ನಕ್ಷೆಯಲ್ಲಿತ್ತು, ಚೇಂಬರ್ ಮುಚ್ಚಳಗಳು ಕಣ್ಣಿಗೂ ಕಾಣುತ್ತಿದ್ದವು. ಅದರಿಂದ ಒಂದು ಮೀಟರ್ ದೂರ ಇಟ್ಟುಕೊಂಡು ದಾರಿ ಹಾಕಿದೆವು. ಪಕ್ಕದ ಓಣಿಗಳಿಂದ ಬಂದು ಅದಕ್ಕೆ ಸೇರುವ ಅಡ್ಡ ಸಾಲುಗಳು ಮಾತ್ರ ಯಾವ ಕಾಗದದಲ್ಲೂ ಇರಲಿಲ್ಲ.

ಡ್ರಿಲ್ಲಿಂಗಿನ ದಿನಚರಿಯನ್ನು ಆಮೇಲೆ ಎಷ್ಟು ಸಲ ತೆಗೆದು ಓದಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಒಂದು ಸಾಲು: “ಮಡ್ ವಾಪಸ್ ಕಮ್ಮಿ, ಹತ್ತು ನಿಮಿಷ. ಮತ್ತೆ ಸರಿಯಾಯಿತು.” ಅಂದರೆ ಒಳಗೆ ಬಿಟ್ಟ ಗಂಜಿ ಹತ್ತು ನಿಮಿಷ ಎಲ್ಲೋ ಬೇರೆ ಕಡೆ ಹರಿದು ಹೋಗಿದೆ. ಸಡಿಲ ಮಣ್ಣು ಕುಡಿದಿರಬಹುದು ಎಂದುಕೊಂಡು ನಾನೇ ಕೆಳಗೆ ಸಹಿ ಹಾಕಿದ್ದೇನೆ. ಆಗ ನಾಲ್ಕು ಹೆಜ್ಜೆ ನಡೆದು, ಕೆಳಗಿನ ಚೇಂಬರಿನ ಮುಚ್ಚಳ ತೆಗೆದಿದ್ದರೆ, ಬೂದು ಬಣ್ಣದ ಗಂಜಿ ಚರಂಡಿಯಲ್ಲಿ ಹರಿಯುತ್ತಿರುವುದು ಕಾಣುತ್ತಿತ್ತು.

ಪೈಪಿಗೆ ಗಾಳಿ ತುಂಬಿ ಒತ್ತಡದ ಪರೀಕ್ಷೆ ಮಾಡಿದೆವು. ಪಾಸಾಯಿತು. ಆಗದೆ ಏನು? ಗ್ಯಾಸ್ ಪೈಪಿಗೆ ಏನೂ ಆಗಿರಲಿಲ್ಲ. 63 ಮಿಲಿಮೀಟರಿನ ನಮ್ಮ ಪೈಪು ಒಂದು ಅಡ್ಡ ಚರಂಡಿಯ ಎರಡೂ ಗೋಡೆಗಳನ್ನು ತೂರಿಕೊಂಡು ಹೋಗಿ, ಅದರ ಹೊಟ್ಟೆಯೊಳಗೆ ಅಡ್ಡ ಮಲಗಿತ್ತು. ಅದರ ಕೆಳಗೆ ನೀರು ಹರಿಯಲು ಜಾಗ ಇತ್ತು. ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.

ಎಂಟು ತಿಂಗಳು

ಗ್ಯಾಸ್ ಹರಿಯಿತು. ಮೊದಲ ಹಂತದಲ್ಲಿ 200ಕ್ಕೂ ಹೆಚ್ಚು ಮನೆಗಳು ಸೇರಿಕೊಂಡವು. ಹಾಲಿನ ಘಟಕದವರಿಗೆ ಬಾಯ್ಲರಿನ ಖರ್ಚು ಇಳಿಯಿತು. ಎಣ್ಣೆಯ ಟ್ಯಾಂಕರ್ ಬರುವುದನ್ನು ಕಾಯುವ ರಗಳೆ ತಪ್ಪಿತು. ಅವರು ಎರಡನೇ ಪಾಳಿ ಶುರು ಮಾಡಿದರು. ನಮಗೆ ಖುಷಿಯೋ ಖುಷಿ, ಗ್ಯಾಸ್ ಮಾರಾಟ ಜಾಸ್ತಿಯಾಯಿತಲ್ಲ.

ಎರಡನೇ ಪಾಳಿ ಅಂದರೆ ಕ್ಯಾನು, ಟ್ಯಾಂಕು, ಪೈಪುಗಳನ್ನು ದಿನಕ್ಕೆ ಎರಡು ಪಟ್ಟು ತೊಳೆಯಬೇಕು. ಘಟಕದ ಕೊಳಚೆ ಶುದ್ಧೀಕರಣದ ತೊಟ್ಟಿ ಕಟ್ಟಿದ್ದದ್ದು ಒಂದು ಪಾಳಿಯ ಲೆಕ್ಕಕ್ಕೆ. ಉಕ್ಕಿದ್ದು ಊರಿನ ಚರಂಡಿಗೆ ಹೋಗತೊಡಗಿತು. ಹಾಲಿನ ಜಿಡ್ಡು ತಣ್ಣಗಾದ ಮೇಲೆ ಸಿಕ್ಕಿದ್ದಕ್ಕೆ ಅಂಟುತ್ತದೆ. ನುಣುಪಾದ ಪೈಪಿನಲ್ಲಿ ಒಂದಷ್ಟು ದೂರ ಜಾರಿಕೊಂಡು ಹೋಗುತ್ತಿತ್ತೇನೋ. ನಮ್ಮ ಪೈಪು ಅಡ್ಡ ಮಲಗಿತ್ತಲ್ಲ, ಅಲ್ಲಿ ಕಟ್ಟಿಕೊಂಡಿತು. ಬಟ್ಟೆ ಚೂರು, ಕೂದಲು, ಜಿಡ್ಡು, ಮತ್ತೆ ಜಿಡ್ಡು. ಅಂದರೆ ಗ್ಯಾಸಿನಿಂದ ಓಡಿದ ಪಾಳಿಯ ಜಿಡ್ಡು, ಗ್ಯಾಸಿನ ಪೈಪಿನ ಮೇಲೆಯೇ ಕೂತು ಊರಿನ ಚರಂಡಿ ಕಟ್ಟಿತು. ಇದನ್ನು ಯಾವ ಯೋಜನಾ ವರದಿಯಲ್ಲಿ ಯಾರು ಬರೆದಾರು?

ಆ ದಿನ

ಬೆಳಿಗ್ಗೆ ಏಳೂವರೆಗೆ ನನಗೆ ಫೋನ್ ಬಂತು. ಗುರುತಿಲ್ಲದ ನಂಬರ್.

“ಸಾರ್, ನಾನು ಚರಂಡಿ ಕೆಲಸದವನು. ನಿಮ್ಮ ನಂಬರ್ ನೀರುಗಂಟಿ ಕೊಟ್ರು. ನಿಮ್ಮ ಪೈಪಿನ ಬಣ್ಣ ಹಳದೀನಾ?”

“ಹೌದು ಅಣ್ಣ. ಯಾಕೆ?”

“ಹಾಗಾದ್ರೆ ಬೇಗ ಬನ್ನಿ.”

ಚರಂಡಿ ಕಟ್ಟಿಕೊಂಡಿದೆ ಎಂದು ಓಣಿಯವರು ದೂರು ಕೊಟ್ಟಿದ್ದರು. ಆತ ಒಳಗೆ ಇಳಿಯದೆ, ಮೇಲಿನಿಂದಲೇ ಚೇಂಬರಿಗೆ ಸರಳು ಬಿಟ್ಟಿದ್ದ. ಹನ್ನೊಂದು ಮೀಟರಿನ ಹತ್ತಿರ ಸರಳು ನಿಂತಿತು. ಮೂರು ಸಲ ಗುದ್ದಿದ. ಆಮೇಲೆ ನಿಲ್ಲಿಸಿದ. ಯಾಕೆ ನಿಲ್ಲಿಸಿದೆ ಎಂದು ಕೇಳಿದಾಗ ಆತ ಹೇಳಿದ್ದು: ಕಲ್ಲಾದರೆ ಕೈಗೆ ಜುಮ್ ಅನ್ನುತ್ತದೆ, ಬೇರಾದರೆ ಸರಳನ್ನು ಹಿಡಿದುಕೊಳ್ಳುತ್ತದೆ, ಇದು ಎರಡೂ ಅಲ್ಲ, ತಳ್ಳಿದಷ್ಟೂ ವಾಪಸ್ ತಳ್ಳುತ್ತಿತ್ತು. ಹೊರಗೆ ತೆಗೆದು ನೋಡಿದರೆ ಸರಳಿನ ತುದಿಯಲ್ಲಿ ಉಗುರಿನಷ್ಟು ಹಳದಿ ಪ್ಲಾಸ್ಟಿಕ್ ಸಿಪ್ಪೆ. ಅದನ್ನು ಅಂಗೈಯಲ್ಲಿಟ್ಟುಕೊಂಡು ನನಗೆ ತೋರಿಸಿದ. ಕತ್ತರಿಸುವ ಬ್ಲೇಡಿನ ಮಷೀನು ಅಷ್ಟರಲ್ಲಿ ಹೊರಟಾಗಿತ್ತು. ಬೇಡ ಎಂದು ಅದನ್ನು ವಾಪಸ್ ಕಳಿಸಿದವನೂ ಆತನೇ.

ಆ ಮಷೀನು ಬಂದಿದ್ದರೆ ಏನಾಗುತ್ತಿತ್ತು ಎಂಬುದು ನಮ್ಮ ಕಸುಬಿನವರಿಗೆ ಹೊಸದಲ್ಲ. 1976ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕೆನೋಶಾದಲ್ಲಿ ಇದೇ ಆಗಿತ್ತು. ಚರಂಡಿಯೊಳಗೆ ತೂರಿದ್ದ ಗ್ಯಾಸ್ ಪೈಪನ್ನು ಚರಂಡಿ ಬಿಡಿಸುವ ಯಂತ್ರ ತೂತು ಮಾಡಿ, ಒಂದು ಮನೆಯೇ ಸಿಡಿದಿತ್ತು. ನೈಸರ್ಗಿಕ ಅನಿಲ ಗಾಳಿಗಿಂತ ಹಗುರ. ಬಯಲಲ್ಲಿ ಸೋರಿದರೆ ಮೇಲೆ ಹೋಗಿ ಚದುರಿಬಿಡುತ್ತದೆ. ಚರಂಡಿಯೊಳಗೆ ಸೋರಿದರೆ ಅದಕ್ಕೆ ಪ್ರತಿ ಮನೆಯ ಬಚ್ಚಲವರೆಗೂ ಸಿದ್ಧ ದಾರಿ. ಗಾಳಿಯಲ್ಲಿ ಅದರ ಪಾಲು ಶೇಕಡಾ 5ರಿಂದ 15ರೊಳಗೆ ಇದ್ದರೆ ಒಂದು ಕಿಡಿ ಸಾಕು. ಸೋರಿಕೆ ಗೊತ್ತಾಗಲೆಂದು ನಾವು ಬೆರೆಸುವ ವಾಸನೆಯನ್ನು ನಂಬಿಕೊಳ್ಳೋಣ ಅಂದರೆ, ಚರಂಡಿಯ ನಾತದಲ್ಲಿ ಯಾರು ಅದನ್ನು ಬೇರೆ ಮಾಡಿ ಗುರುತಿಸುತ್ತಾರೆ?

ಮೊದಲು ಗ್ಯಾಸ್ ಸೋರಿದ್ದನ್ನು ಅಳೆಯುವ ಮೀಟರ್ ಹಿಡಿದು ಎಲ್ಲಾ ಚೇಂಬರ್ ನೋಡಿದೆವು. ಸೊನ್ನೆ. ಪೈಪು ಗೀರಿತ್ತು, ತೂತಾಗಿರಲಿಲ್ಲ. ಆಗ ನನ್ನ ಮುಂದೆ ಎರಡು ದಾರಿ. ಗ್ಯಾಸ್ ಬಂದ್ ಮಾಡದೆ, ಪಕ್ಕದಲ್ಲಿ ಹೊಸ ಪೈಪು ಹಾಕಿ ಆಮೇಲೆ ಬದಲಾಯಿಸುವುದು. ಅದಕ್ಕೆ ಮೂರು ದಿನ ಬೇಕು, ಜನರಿಗೆ ತೊಂದರೆ ಇಲ್ಲ. ಇಲ್ಲವೆಂದರೆ ಈಗಲೇ ಬಂದ್. ನಾನು ಬಂದ್ ಮಾಡಿಸಿದೆ. ಗುಂಡಿ ತೋಡಿ, ಎರಡು ಕಡೆ ಪೈಪನ್ನು ಕ್ಲಾಂಪಿನಿಂದ ಹಿಚುಕಿ ಗ್ಯಾಸ್ ನಿಲ್ಲಿಸಿದೆವು. 64 ಮನೆಗಳ ಒಲೆ ಆರಿತು. ಆಮೇಲೆ ಕತ್ತರಿಸಿ ತೆಗೆದ ತುಂಡನ್ನು ಅಳೆದರೆ 5.8 ಮಿಲಿಮೀಟರ್ ದಪ್ಪದ ಗೋಡೆಯಲ್ಲಿ ಒಂದು ಮಿಲಿಮೀಟರ್ ಆಳದ ಗೀರು. ಗೋಡೆಯ ಹತ್ತನೇ ಒಂದು ಭಾಗಕ್ಕಿಂತ ಆಳಕ್ಕೆ ಗೀರಿದ ಪೈಪನ್ನು ಇಟ್ಟುಕೊಳ್ಳುವ ಹಾಗಿಲ್ಲ. ಹಾಗಾಗಿ ಬಂದ್ ಮಾಡಿದ್ದು ಸರಿ ಎಂದು ಈಗಲೂ ಹೇಳುತ್ತೇನೆ. ಬಂದ್ ಮಾಡಿದ ರೀತಿ ಮಾತ್ರ ಸರಿಯಿರಲಿಲ್ಲ.

ಯಾಕೆಂದರೆ, ಒಲೆ ಆರಿದ 64 ಮನೆಯವರು ಏನು ಮಾಡುತ್ತಾರೆ? ಪೈಪ್ ಗ್ಯಾಸ್ ಬಂದ ಮೇಲೆ ಸಿಲಿಂಡರ್ ವಾಪಸ್ ಕೊಟ್ಟವರೇ ಹೆಚ್ಚು. ಎಲ್ಲರೂ ಕರೆಂಟಿನ ಒಲೆ ಹೊರಗೆ ತೆಗೆದರು. ಒಂದೊಂದು ಒಲೆಯೂ ಒಂದೂವರೆ, ಎರಡು ಕಿಲೋವ್ಯಾಟ್. ಆ ಬೀದಿಯ ಟ್ರಾನ್ಸ್‌ಫಾರ್ಮರ್ 100 ಕೆವಿಎ, ಅಂದರೆ ಹೆಚ್ಚೆಂದರೆ 100 ಕಿಲೋವ್ಯಾಟ್ ಹೊರುವಂಥದ್ದು. ಸಂಜೆ ಏಳಕ್ಕೆ ಫ್ಯೂಸ್ ಹಾರಿತು. ಕಟ್ಟಿ ಕೊಟ್ಟ ಅರ್ಧ ಗಂಟೆಗೆ ಮತ್ತೆ ಹಾರಿತು. ಅದೇ ಟ್ರಾನ್ಸ್‌ಫಾರ್ಮರಿನ ಮೇಲೆ ಊರಿನ ನೀರಿನ ಪಂಪೂ ಇತ್ತು. ರಾತ್ರಿ ಟ್ಯಾಂಕು ತುಂಬಲಿಲ್ಲ. ಬೆಳಿಗ್ಗೆ ಊರಿಗೆಲ್ಲ ನೀರಿಲ್ಲ. ಗ್ಯಾಸನ್ನೇ ತೆಗೆದುಕೊಳ್ಳದವರ ಮನೆಯಲ್ಲೂ ನೀರಿಲ್ಲ!

2021ರ ಫೆಬ್ರವರಿಯಲ್ಲಿ ಟೆಕ್ಸಾಸಿನಲ್ಲಿ ಆದದ್ದು ಇದರ ದೈತ್ಯ ರೂಪ. ಚಳಿಗೆ ಗ್ಯಾಸಿನ ಬಾವಿಗಳು ಹೆಪ್ಪುಗಟ್ಟಿ, ವಿದ್ಯುತ್ ಸ್ಥಾವರಗಳಿಗೆ ಗ್ಯಾಸ್ ಸಾಲಲಿಲ್ಲ. ಕರೆಂಟ್ ಉಳಿಸಲು ಲೈನುಗಳನ್ನು ಕಡಿದಾಗ, ಗ್ಯಾಸ್ ತೆಗೆದು ಕಳಿಸುವ ಕೆಲವು ಘಟಕಗಳ ಕರೆಂಟನ್ನೂ ಕಡಿದರು. ಅವು ಕಡಿಯಬಾರದ ಪಟ್ಟಿಯಲ್ಲಿ ಹೆಸರು ಬರೆಸಿರಲೇ ಇಲ್ಲ. ಓದಿದಾಗ ಅಷ್ಟು ದೊಡ್ಡವರು ಹೀಗೆ ಮಾಡುತ್ತಾರಾ ಎಂದು ನಕ್ಕಿದ್ದೆ. ಪಂಪ್‌ಹೌಸಿನ ಕಟ್ಟೆ ಮೇಲೆ ವಾರಕ್ಕೊಮ್ಮೆ ಲೈನ್‌ಮನ್ ಪಕ್ಕದಲ್ಲೇ ಕೂರುತ್ತಿದ್ದೆ. ಬಂದ್ ಮಾಡುವ ಮೊದಲು ಅವರಿಗೊಂದು ಫೋನ್ ಮಾಡಲಿಲ್ಲ.

ವಾಪಸ್ ಗ್ಯಾಸ್ ಬಿಡುವುದು ಕರೆಂಟಿನ ಹಾಗೆ ಒಂದು ಸ್ವಿಚ್ಚಿನ ಕೆಲಸವಲ್ಲ. 64 ಮನೆಗೂ ಹೋಗಬೇಕು, ಪ್ರತಿ ಒಲೆಯ ವಾಲ್ವ್ ಮುಚ್ಚಿದೆಯೇ ನೋಡಬೇಕು, ಪೈಪಿನ ಗಾಳಿ ಹೊರಗೆ ಬಿಡಬೇಕು, ಒಲೆ ಹಚ್ಚಿ ತೋರಿಸಿ ಬರಬೇಕು. ಬೀಗ ಹಾಕಿದ ಮನೆಗಳಿಗೆ ಎರಡೆರಡು ಸಲ ಅಲೆದೆವು. ಒಂದೂವರೆ ದಿನ ಹಿಡಿಯಿತು.

ಬದಲಿಸಿಕೊಂಡದ್ದು

ಮೊದಲನೆಯದು ಕ್ಯಾಮೆರಾ. ಆ ಊರಿನಲ್ಲಿ ನಾವು ಡ್ರಿಲ್ ಮಾಡಿದ್ದ ಕಡೆಯೆಲ್ಲ, ಒಟ್ಟು 38 ಜಾಗದಲ್ಲಿ, ಚರಂಡಿಯೊಳಗೆ ಕ್ಯಾಮೆರಾ ಬಿಟ್ಟು ನೋಡಲು ಶುರು ಮಾಡಿದೆವು. ಇನ್ನೂ ಎರಡು ಕಡೆ ಹಳದಿ ಪೈಪು ಕಂಡಿತು. ಎರಡನ್ನೂ ತೆಗೆದು ಬೇರೆ ದಾರಿಯಲ್ಲಿ ಹಾಕಿದೆವು. ಈಗ ಡ್ರಿಲ್ಲಿಂಗಿಗೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಕ್ಯಾಮೆರಾ ಬಿಡುತ್ತೇವೆ. ಅಡ್ಡ ಸಾಲು ಇರುವ ಜಾಗದಲ್ಲಿ ಕಾಂಕ್ರೀಟಿನಲ್ಲಿ ಸಣ್ಣ ಚೌಕ ಕತ್ತರಿಸಿ, ಡ್ರಿಲ್ಲಿನ ತಲೆ ದಾಟುವುದನ್ನು ಕಣ್ಣಾರೆ ನೋಡುತ್ತೇವೆ. ರಸ್ತೆ ಇಲಾಖೆ ಇದಕ್ಕೆ ಸುಮ್ನೆ ಒಪ್ಪಲಿಲ್ಲ. ಕತ್ತರಿಸಿ ತೆಗೆದ ಆ ಗೀರಿದ ತುಂಡನ್ನು ಅವರ ಮೇಜಿನ ಮೇಲಿಟ್ಟ ದಿನ ಒಪ್ಪಿದರು. ಗಂಜಿ ವಾಪಸ್ ಕಮ್ಮಿಯಾದರೆ ಮಷೀನು ನಿಲ್ಲಿಸಿ, ಹತ್ತಿರದ ಚೇಂಬರುಗಳ ಮುಚ್ಚಳ ತೆಗೆದು ನೋಡಲೇಬೇಕು ಎಂದೂ ಬರೆದುಕೊಂಡೆವು.

ಗ್ಯಾಸ್ ಬಂದ್ ಮಾಡುವ ಮೊದಲು ಲೈನ್‌ಮನ್‌ಗೂ ನೀರುಗಂಟಿಗೂ ಫೋನ್ ಹೋಗುತ್ತದೆ. ಪಂಪನ್ನು ಬೇರೆ ಟ್ರಾನ್ಸ್‌ಫಾರ್ಮರಿಗೆ ಹಾಕಿದ್ದಾರೆ. ಅದಕ್ಕೆ ಏಳು ತಿಂಗಳು ಹಿಡಿಯಿತು, ಆ ಓಡಾಟ ಬರೆದರೆ ಅದೇ ಬೇರೆ ಲೇಖನವಾದೀತು. ಹಾಲಿನ ಘಟಕ ಹೊಸ ತೊಟ್ಟಿ ಕಟ್ಟುತ್ತಿದೆ. ಗಿರಾಕಿಯೊಬ್ಬ ಗ್ಯಾಸ್ ಜಾಸ್ತಿ ಬೇಕು ಎಂದು ಅರ್ಜಿ ಕೊಟ್ಟರೆ, ನೀರು ಎಲ್ಲಿಂದ, ಕೊಳಚೆ ಎಲ್ಲಿಗೆ ಎಂದು ನಾನೀಗ ಕೇಳುತ್ತೇನೆ. ಅದು ನಿಮ್ಮ ಕೆಲಸವಲ್ಲ ಎಂದು ಒಬ್ಬಿಬ್ಬರು ಮುಖಕ್ಕೇ ಹೇಳಿದ್ದಾರೆ. ಕಾಗದದ ಪ್ರಕಾರ ಹೌದು, ನನ್ನ ಕೆಲಸವಲ್ಲ.

ಸೋಮವಾರದ ಕಟ್ಟೆಗೆ ಚರಂಡಿ ಕೆಲಸದವರೂ ಈಗ ಬರುತ್ತಾರೆ. ಮೊದಲ ದಿನ ಆತ ಸ್ವಲ್ಪ ದೂರ ನಿಂತಿದ್ದ. ನೀರುಗಂಟಿ ಸರಿದು ಜಾಗ ಮಾಡಿದರು. ಕೂತವನೇ ಪೆನ್ಸಿಲ್ ಕೇಳಿ, ನಾವು ಬಿಳಿಯಾಗಿ ಬಿಟ್ಟಿದ್ದ ಓಣಿಗಳಲ್ಲಿ ಒಂದಾದ ಮೇಲೊಂದು ಅಡ್ಡ ಗೆರೆ ಎಳೆಯತೊಡಗಿದ. ಇಪ್ಪತ್ತು ನಿಮಿಷದಲ್ಲಿ ಹದಿನೇಳು ಗೆರೆ.

38 ಜಾಗಗಳಲ್ಲಿ ಮೂರು ಕಡೆ ಚರಂಡಿ ಒಳಗೆ ಕುಸಿದು ಹೋಗಿದೆ, ಕ್ಯಾಮೆರಾ ದಾಟುವುದಿಲ್ಲ. ಅವನ್ನು ನಕ್ಷೆಯಲ್ಲಿ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದೇವೆ. ಆ ಮೂರು ಚೇಂಬರುಗಳ ಮುಚ್ಚಳದ ಮೇಲೂ ಅದೇ ಕೆಂಪು ಬಣ್ಣ ಬಳಿದು, ಪಕ್ಕದಲ್ಲಿ ನನ್ನ ನಂಬರ್ ಬರೆಸಿದ್ದೇವೆ.